ಗೊಣ್ಣೆ ಹುಳ ಮತ್ತು ನನ್ನ ಬಾಯಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಪಾಠಕ್ಕಿಂತ ಪರೀಕ್ಷೆಯಲ್ಲಿ ಕಾಪಿ ಹಿಡಿಯುವುದರಲ್ಲೇ ನನಗೆ ಹೆಚ್ಚು ಹೆಸರು. ಯಾರ ಕಣ್ಣು ಎತ್ತ ಹೊರಳಿತು ಎಂದು ನೋಡಿಯೇ ಚೀಟಿ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಬುದ್ಧಿಗೆ ಕೆಲಸವೇ ಇರಲಿಲ್ಲ. ಹೋದ ವರ್ಷ ಆಷಾಢದಲ್ಲಿ ಕೋಲಾರದ ನಮ್ಮ ಮನೆಯ ಮುಂದಿನ ಲಾನ್ ಅಲ್ಲಲ್ಲಿ ಹಳದಿಯಾಗಲು ಶುರುವಾಯಿತು ನೋಡಿ, ಮತ್ತೆ ಕೆಲಸ ಸಿಕ್ಕಿತು.

ಮೊದಲು ತಟ್ಟೆಯಗಲ, ಆಮೇಲೆ ಮೊರದಗಲ. ನೀರು ಹಾಕಿದರೂ ಹಸಿರಾಗಲಿಲ್ಲ. ಪಕ್ಕದ ಮನೆಯ ನಾಯಿಯ ಮೇಲೆ ಎರಡು ದಿನ ಕಣ್ಣಿಟ್ಟೆ. ಹುಲ್ಲು ತಂದು ಹಾಕಿಕೊಟ್ಟಿದ್ದ ಮಾಲೂರಿನ ನರ್ಸರಿಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ನನ್ನ ಹೆಂಡತಿ, "ಮಳೆಗಾಲ, ಏನೋ ರೋಗ ಬಂದಿರುತ್ತೆ ಬಿಡ್ರೀ" ಎಂದಳು. "ರೋಗ ತಾನಾಗೇ ನಡ್ಕೊಂಡು ಬರಲ್ಲ ಕಣೇ, ಯಾರೋ ತರ್ತಾರೆ" ಎಂದೆ. ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಲಾನ್ ನೋಡಿಕೊಳ್ಳಲು ವಾರಕ್ಕೆರಡು ದಿನ ಒಬ್ಬ ಹೆಂಗಸು ಬರುತ್ತಿದ್ದಳು. ಶ್ರೀನಿವಾಸಪುರದಾಚೆ ರಾಯಲ್ಪಾಡಿನವಳು, ಮನೆಮಾತು ತೆಲುಗು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕೋಲಾರಕ್ಕೆ ಬಂದು ತೋಟದ ಕೆಲಸ ಹಿಡಿದಿದ್ದಳು. ನಮ್ಮ ರಸ್ತೆಯಲ್ಲಿ ನಮ್ಮದೂ ಸೇರಿ ನಾಲ್ಕು ಮನೆ ಅವಳದು. ಉಳಿದ ಮೂರು ಮನೆಯವರು ಇಟ್ಟುಕೊಂಡದ್ದು ನನ್ನ ಮಾತಿನ ಮೇಲೆ. ಆ ನಾಲ್ಕು ಮನೆಯ ಕೆಲಸದಲ್ಲೇ ಅವಳ ಸಂಸಾರ ನಡೆಯಬೇಕಿತ್ತು.

ಒಂದು ಬೆಳಿಗ್ಗೆ ಅವಳು ಚೀಲದಿಂದ ನೀಲಿ ಕ್ಯಾನ್ ತೆಗೆದು, ಒಮ್ಮೆ ನಮ್ಮ ಬಾಗಿಲ ಕಡೆ ನೋಡಿ, ಹುಲ್ಲಿನ ಬುಡಕ್ಕೆ ಕಂದು ಬಣ್ಣದ ನೀರು ಸುರಿಯುತ್ತಿದ್ದುದನ್ನು ಕಿಟಕಿಯಿಂದ ಕಂಡೆ. ಮುಂದಿನ ಸಲವೂ ಅದೇ. ನಾನು ಸುಮ್ಮನಿರುವ ಜಾತಿಯಲ್ಲ. ಹಳೆಯ ಗ್ರಾಫ್ ಹಾಳೆ ತೆಗೆದು ಲಾನಿನ ನಕ್ಷೆ ಬರೆದೆ; ಅವಳು ಸುರಿದ ಜಾಗಕ್ಕೆಲ್ಲ ಇಂಟು ಮಾರ್ಕು ಹಾಕಿದೆ. ಹದಿನೈದು ದಿನ ಬಿಟ್ಟು ನೋಡಿದರೆ ಇಂಟು ಮಾರ್ಕು ಇದ್ದಲ್ಲೆಲ್ಲ ಹುಲ್ಲು ಸತ್ತಿತ್ತು. ಅವಳೇ ನೋಡಿಕೊಳ್ಳುತ್ತಿದ್ದ ಎದುರು ಮನೆಯ ಲಾನ್ ಮಾತ್ರ ಗಿಣಿ ಹಸಿರು. ಇನ್ನೇನು ಸಾಕ್ಷಿ ಬೇಕು?

ಕಾರಣವನ್ನೂ ನಾನೇ ಹುಡುಕಿಕೊಂಡೆ. ಪ್ರತಿವರ್ಷ ಯುಗಾದಿ ಕಳೆಯುತ್ತಲೇ ವಕ್ಕಲೇರಿಯ ನಮ್ಮ ಅಣ್ಣನ ಮನೆಯ ತಿಪ್ಪೆಯಿಂದ ನಾಲ್ಕು ಮೂಟೆ ಗೊಬ್ಬರ ತಂದು ಲಾನಿಗೆ ಹರಡುವುದು ನಮ್ಮ ಪದ್ಧತಿ. ಹಸು ಕಟ್ಟಿದ ಮನೆಯವರು ಪೇಟೆಯಲ್ಲಿ ಗೊಬ್ಬರ ಕೊಂಡರೆ ಊರವರು ನಗುತ್ತಾರೆ. ಆ ಸಲ ಇವಳು ಮೂಟೆಯೊಳಗೆ ಕೈ ಹಾಕಿ, ಹಿಡಿ ಗೊಬ್ಬರ ಹಿಸುಕಿ ನೋಡಿ, "ಸಾರ್, ಇದಿನ್ನೂ ಪಚ್ಚಿ. ಸರಿಯಾಗಿ ಕಳಿತಿಲ್ಲ. ಮೂಲೇಲಿ ಗುಡ್ಡೆ ಹಾಕಿ ಬರೋ ವರ್ಷಕ್ಕೆ ಹಾಕೋಣ" ಎಂದಿದ್ದಳು.

ನನಗೆ ರೇಗಿಹೋಯಿತು. "ನಮ್ಮ ತಾತನ ಕಾಲದ ತಿಪ್ಪೆ ಅದು. ನನಗೇ ಗೊಬ್ಬರದ ಪಾಠ ಹೇಳ್ಕೊಡ್ತೀಯೇನಮ್ಮ? ಹೇಳಿದಷ್ಟು ಮಾಡು" ಎಂದೆ. ಅವಳು ನಾಲ್ಕೂ ಮೂಟೆ ಹರಡಿದಳು. ಅಂದಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು. ಆ ಹೊಟ್ಟೆಯುರಿಗೇ ಹುಲ್ಲಿಗೆ ವಿಷ ಹಾಕುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅವಳನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಹುಷಾರಾಗಿಬಿಡುತ್ತಾಳೆ ಎಂಬ ಲೆಕ್ಕಾಚಾರ ನನ್ನದು. ಬದಲಿಗೆ ಉಳಿದ ಮೂರು ಮನೆಗೂ ಹೋಗಿ, ಕೊಟ್ಟ ಕಾಫಿ ಕುಡಿದು, "ಆಯಮ್ಮ ಕದ್ದು ಏನೋ ಸುರೀತಾಳೆ, ನಿಮ್ಮ ಹುಷಾರಲ್ಲಿ ನೀವಿರಿ" ಎಂದು ಹೇಳಿ ಬಂದೆ. ವಾರದೊಳಗೆ ಮೂವರೂ ಅವಳನ್ನು ಕೆಲಸದಿಂದ ಬಿಡಿಸಿದರು. ಕೊನೆಗೆ ನಾನೂ, "ನಾಳೆಯಿಂದ ಬರೋದು ಬೇಡ" ಎಂದೆ.

"ಯಾಕ್ ಸಾರ್?"

"ನಿನಗೇ ಗೊತ್ತು."

ಅವಳು ಕುಡುಗೋಲು, ಕ್ಯಾನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಅವಳು ಹೋದ ಮೇಲೆ ಹುಲ್ಲು ಚಿಗುರಬೇಕಿತ್ತಲ್ಲ? ಇನ್ನೂ ಬೇಗ ಬೇಗ ಸಾಯತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಲ್ಲಿ ಯಾರೋ ಕೆದಕಿದ ಗುರುತು. ಕದ್ದು ಬಂದು ಕೀಳುತ್ತಿದ್ದಾಳೆಯೇ ಎಂಬ ಗುಮಾನಿ ಬಂತು. ಹೇಳಿಕೊಳ್ಳಲು ನಾಚಿಕೆ, ನಾಲ್ಕು ದಿನ ಬೆಳಗಿನ ಜಾವಕ್ಕೇ ಎದ್ದು ಶಾಲು ಹೊದ್ದು ವರಾಂಡದಲ್ಲಿ ಕಾದು ಕೂತೆ. ಬಂದದ್ದು ಕಾಗೆ ಮತ್ತು ಗೊರವಂಕ. ಹುಲ್ಲಿನ ಬುಡ ಕುಕ್ಕಿ ಕುಕ್ಕಿ ಏನನ್ನೋ ಎಳೆದು ತಿನ್ನುತ್ತಿದ್ದವು.

ಬೇರೆ ದಾರಿ ಕಾಣದೆ ಮಾಲೂರಿನ ನರ್ಸರಿಯವನನ್ನು ಕರೆಸಿದೆ. ಅವನು ಹಳದಿ ಜಾಗದ ಹುಲ್ಲನ್ನು ಹಿಡಿದು ಮೆಲ್ಲಗೆ ಎಳೆದ. ಚಾಪೆಯಂತೆ ಸುರುಳಿ ಸುತ್ತಿಕೊಂಡು ಬಂತು. ಅಡಿಯಲ್ಲಿ ಒಂದೂ ಬೇರಿಲ್ಲ. ಮಣ್ಣಿನಲ್ಲಿ ಬಿಳೀ ಹುಳಗಳು, ಕೆಂಪು ತಲೆಯವು, ಮೈ ಬಾಗಿಸಿಕೊಂಡು ಒಂದರ ಪಕ್ಕ ಒಂದು ಮಲಗಿದ್ದವು.

"ಗೊಣ್ಣೆ ಹುಳ ಸಾರ್. ಬೇರೆಲ್ಲಾ ತಿಂದ್ಬಿಟ್ಟಿದೆ" ಎಂದ. "ಗೊಬ್ಬರ ಯಾವ್ದು ಹಾಕಿದ್ರಿ?"

ಹೇಳಿದೆ. ಅವನು ಗೊಳ್ಳನೆ ನಗಲಿಲ್ಲ, ಅದೇ ಪುಣ್ಯ. "ಅರ್ಧಂಬರ್ಧ ಕಳಿತಿರೋ ತಿಪ್ಪೆ ಗೊಬ್ಬರದಲ್ಲಿ ಮೊಟ್ಟೆ, ಮರಿ ಎಲ್ಲಾ ಇರುತ್ವೆ. ಸಾಲ್ದು ಅಂತ ಮೊದಲ ಮಳೆಗೆ ದುಂಬಿಗಳೂ ಬಂದು ಅದರಲ್ಲೇ ಮೊಟ್ಟೆ ಇಡ್ತವೆ" ಎಂದ. ಆಮೇಲೆ ಮಣ್ಣು ಹಿಡಿದು ಮೂಸಿದ. "ಯಾರೋ ಬೇವಿನ ಹಿಂಡಿ ನೆನೆಸಿದ ನೀರು ಹಾಕ್ತಿದ್ರಲ್ಲ, ಹಿಂಡಿ ಚೂರು ಇನ್ನೂ ಇದೆ ನೋಡಿ. ಹಾಕ್ದೋರು ತಿಳಿದೋರೇ. ಯಾಕೆ ನಿಲ್ಲಿಸಿದ್ರು?"

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಹೇಳಿ, ಯಾಕೆ ನಿಲ್ಲಿಸಿದ್ರು ಅಂತ ಹೇಳಿ" ಎಂದಳು.

ಮೂರು ದಿನ ನಾವಿಬ್ಬರೂ ಮಣೆ ಹಾಕಿಕೊಂಡು ಕೂತು ಹುಳ ಆರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿದೆವು. ನರ್ಸರಿಯವನು ಹೇಳಿದಂತೆ ಮಣ್ಣು ಸಡಿಲಿಸಿ, ಬೇವಿನ ಹಿಂಡಿ ಪುಡಿ ಬೆರೆಸಿ, ಸತ್ತ ಹುಲ್ಲು ತೆಗೆದು ಹೊಸದು ನೆಟ್ಟೆವು. ಇನ್ನು ಮೇಲೆ ಪುಡಿಪುಡಿಯಾಗಿ ಕಳಿತ ಗೊಬ್ಬರವನ್ನೇ, ಅದೂ ಜರಡಿ ಹಿಡಿದು ಹಾಕಬೇಕೆಂದು ಅವನು ಎರಡೆರಡು ಸಲ ಹೇಳಿ ಹೋದ. ಹುಲ್ಲಿನ ಕೆಲಸ ಅಲ್ಲಿಗೆ ಮುಗಿಯಿತು.

ನಾಲ್ಕನೆಯ ದಿನ ಅವಳ ಬಾಡಿಗೆ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಕೂತು ಯಾರದೋ ಮನೆಯ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಪ್ಪಾಯಿತು ಎಂದೆ. ನನ್ನ ಬಾಯಲ್ಲಿ ಆ ಮಾತು ಸಲೀಸಾಗಿ ಬರುವುದಿಲ್ಲ, ಅವತ್ತು ಬಂತು.

"ಎಲ್ಲಿ ಹಳದಿ ಕಾಣಿಸ್ತೋ ಅಲ್ಲಿ ಹಾಕ್ತಾ ಇದ್ದೆ ಸಾರ್" ಎಂದಳು. "ಹೇಳಿದ್ರೆ ತಿಪ್ಪೆ ಮಾತು ಬರುತ್ತೆ, ಬೈತೀರ ಅಂತ ಸುಮ್ಕಿದ್ದೆ."

"ನಾಳೆಯಿಂದ ಬಾ ತಾಯಿ."

"ನಿಮ್ಮದೊಂದೇ ಮನೆ ಆದ್ರೆ ನನಗೆ ಆಗಲ್ಲ ಸಾರ್. ಆ ಮೂರು ಮನೇಲೂ ನೀವೇ ಹೇಳ್ಬೇಕು."

ಅದೇ ಸಂಜೆ ಹೋದೆ. ಎದುರು ಮನೆಯವರು ನನ್ನ ಮಾತು ಪೂರ್ತಿ ಕೇಳಿ, ಎದ್ದು ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿ, "ಮೇಷ್ಟ್ರೇ, ನಿಜ ಹೇಳಿ. ಊರಿಂದ ಜನ ಕರ್ಕೊಂಡು ಬಂದು ಹೆದರಿಸಿದ್ಳಾ?" ಎಂದರು. ಇಲ್ಲ, ಗೊಬ್ಬರ ನನ್ನದು, ಹುಳ ನನ್ನದು ಎಂದು ಎಷ್ಟು ಹೇಳಿದರೂ, "ನಿಮ್ಮದು ದೊಡ್ಡ ಮನಸ್ಸು ಬಿಡಿ" ಎಂದರು. ಎರಡನೆಯ ಮನೆಯಾಕೆ, "ಒಂದು ಸಲ ಅನುಮಾನ ಬಂದ ಮೇಲೆ ಹೇಗೆ ಇಟ್ಕೊಳ್ಳೋದು?" ಎಂದರು. ಮೂರನೆಯವರು ಆಗಲೇ ಬೇರೆಯವನನ್ನು ಹಿಡಿದಿದ್ದರು.

ಮರುದಿನ ಅವಳು ಬಂದು ಗೇಟಿನ ಆಚೆಯೇ ನಿಂತು ಏನಾಯಿತೆಂದು ಕೇಳಿದಳು. ಯಾರೂ ನಂಬಲಿಲ್ಲ ಎಂದೆ.

"ಅವತ್ತು ಹೇಳಿದಾಗ ನಂಬಿದ್ರಲ್ಲ ಸಾರ್?"

ನಾನು ಗೇಟು ತೆಗೆದೆ. ಅವಳು ಒಳಗೆ ಬರಲಿಲ್ಲ. ಬೇರೆ ಬಡಾವಣೆಯಲ್ಲಿ ಕೇಳಿ ನೋಡುತ್ತೇನೆ ಎಂದಳು. ಅಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಮೇಷ್ಟ್ರು ಕಳಿಸಿದರು ಎಂದು ಹೇಳು, ಕೆಲಸ ಕೊಡುತ್ತಾರೆ ಎಂದೆ.

"ಬೇಡ ಸಾರ್. ನಿಮ್ಮ ಹೆಸರು ಹೇಳಲ್ಲ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು.