ಹೋಟೆಲಕ್ಕ ಕಿಟಕಿಯಲ್ಲಿ ಹಿಡಿದ ಬಣ್ಣ

ಕಳೆದ ತಿಂಗಳು ನಮ್ಮ ಓಣಿಯ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಒಂದು ಮೇಜಿನ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ಗಾಜಿನ ನಳಿಗೆಯನ್ನು ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದಳು. ಒಳಗೆ ನೀಲಿ ದ್ರಾವಣ. ಅದಕ್ಕೆ ಸಕ್ಕರೆಯ ಅಂಶವಿರುವ ನೀರಿನ ಕೆಲವು ಹನಿ ಬಿದ್ದೊಡನೆ ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸುತ್ತ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರು. ಉರಿಯುವ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದು ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹೋಟೆಲಕ್ಕ ನೆನಪಾಗಿದ್ದಳು...

ಎಂಬತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ಬ್ಯಾಂಕಿನಲ್ಲಿ ನೌಕರಿ. ಧಾರವಾಡದಿಂದ ನಾಶಿಕಕ್ಕೆ ವರ್ಗವಾಗಿತ್ತು. ನಾವು ಬಾಡಿಗೆಗಿದ್ದ ಹಳೆಯ ವಾಡೆಯ ಹಿಂಭಾಗಕ್ಕೆ ಒಂದು ಉಡುಪಿ ಹೋಟೆಲು ಅಂಟಿಕೊಂಡಿತ್ತು. ಮಾಲೀಕರ ಮನೆ ಹೋಟೆಲಿನ ಮೇಲೆಯೇ. ಅವರ ಅಡುಗೆಮನೆಯ ಕಿಟಕಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರು ಬದುರು.

ಊರಿಗೆ ಹೊಸಬರಾಗಿದ್ದಾಗಲೇ ನನಗೆ ಕಾಯಿಲೆ ಬಂತು. ಎಷ್ಟು ನೀರು ಕುಡಿದರೂ ದಾಹ, ಎಷ್ಟು ಉಂಡರೂ ಮೈ ಸೊರಗುವುದು. ಪರೀಕ್ಷೆ ಮಾಡಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ಅವ್ವ ನಂಬಲೇ ಇಲ್ಲ. "ಅದು ಮುದುಕರಿಗೆ ಬರೋದಲ್ಲರೀ? ಇಷ್ಟು ಸಣ್ಣ ಹುಡುಗಿಗೆ ಹ್ಯಾಂಗ ಬರ್ತದ?" ಎಂದು ಅಲ್ಲೇ ಅಳಲು ಶುರುಮಾಡಿದಳು. ದಿನವೂ ಇನ್ಸುಲಿನ್ ಚುಚ್ಚಬೇಕು, ದಿನವೂ ಮೂತ್ರ ಪರೀಕ್ಷಿಸಿ ಬಣ್ಣ ನೋಡಬೇಕು ಎಂದು ಡಾಕ್ಟರು ಮರಾಠಿಯಲ್ಲಿ ಹೇಳುತ್ತಿದ್ದರೆ, ಅರ್ಧ ತಿಳಿದು ಅರ್ಧ ತಿಳಿಯದೆ ನಾವು ಮೂವರೂ ಸುಮ್ಮನೆ ತಲೆಯಾಡಿಸುತ್ತಿದ್ದೆವು.

ಆಗ ದವಾಖಾನೆಯ ಬೆಂಚಿನ ಆ ತುದಿಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಎದ್ದು ಬಂದಳು. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. "ನೀವು ಕನ್ನಡದವರಾ? ನಂಗೂ ಇದೇ ಕಾಯಿಲೆ ಉಂಟು. ಹೆದರ್ಬೇಡಿ, ನಾನು ಎಲ್ಲ ಹೇಳಿಕೊಡ್ತೇನೆ" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿನ್ನನ್ನು ನಮ್ಮ ಕಿಟಕಿಯಿಂದ ನೋಡಿದ್ದೇನೆ ಮಾರಾಯ್ತಿ!" ಎಂದು ನಕ್ಕಳು. ಅಂದಿನಿಂದ ಅವಳು ನನಗೆ ಹೋಟೆಲಕ್ಕ.

ಸೂಜಿ ಹಿಡಿಯಲು ಕಲಿಸಿದವಳು ಅವಳು. ಮೊದಲು ಕಿತ್ತಳೆ ಹಣ್ಣಿಗೆ ನೀರು ಚುಚ್ಚಿಸಿದಳು, ಆಮೇಲೆ ತನ್ನ ತೊಡೆಗೆ ತಾನೇ ಚುಚ್ಚಿಕೊಂಡು ತೋರಿಸಿದಳು. ನಮ್ಮ ಅಡುಗೆಮನೆಯಲ್ಲಿ ನೀಲಿ ದ್ರಾವಣಕ್ಕೆ ಮೂತ್ರದ ಹನಿ ಬೆರೆಸಿ ಕಾಯಿಸುವುದೆಂದರೆ ಅವ್ವನಿಗೆ ಮೈಲಿಗೆಯ ಸಂಕಟ. ಹಿತ್ತಲ ಬಚ್ಚಲ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಇಟ್ಟು ಆ ಜಗಳ ಬಗೆಹರಿಸಿದವಳೂ ಅವಳೇ. ಬೆಳಿಗ್ಗೆ ನಳಿಗೆ ತಣ್ಣಗಾದ ಮೇಲೆ ನಾನು ಕಿಟಕಿಗೆ ಬಂದು ಅದನ್ನು ಬೆಳಕಿಗೆ ಹಿಡಿಯಬೇಕು. ಎದುರಿನ ಕಿಟಕಿಯಲ್ಲಿ ಅವಳೂ ತನ್ನದನ್ನು ಹಿಡಿಯುತ್ತಿದ್ದಳು. ಸಕ್ಕರೆಯಿಲ್ಲದೆ ನೀಲಿಯೇ ಉಳಿದ ದಿನ ಅವಳು ಸೆರಗಿನ ತುದಿಯನ್ನು ಬಾವುಟದ ಹಾಗೆ ಬೀಸುವಳು. ಇಟ್ಟಿಗೆ ಬಂದ ದಿನ ಇಬ್ಬರೂ ಮುಖ ಸಿಂಡರಿಸಿ, ನಿನ್ನೆ ಏನು ತಿಂದೆವು ಎಂದು ಸನ್ನೆಯಲ್ಲೇ ಬಯ್ದುಕೊಳ್ಳುತ್ತಿದ್ದೆವು. ದ್ರಾಕ್ಷಿಯ ಕಾಲದಲ್ಲಂತೂ ಇಟ್ಟಿಗೆಯ ದಿನಗಳೇ ಹೆಚ್ಚು. ನಾಶಿಕದಲ್ಲಿದ್ದು ದ್ರಾಕ್ಷಿ ಮುಟ್ಟದಿರುವುದು ಯಾರಿಗೆ ಸಾಧ್ಯ?

"ಇದು ನಿನ್ನೆಯ ಪೇಪರ್ ಓದಿದ ಹಾಗೆ" ಎನ್ನುತ್ತಿದ್ದಳು. "ಮೈಯಲ್ಲಿ ಈಗ ಎಂತ ಆಗ್ತಾ ಉಂಟು ಅಂತ ಈ ಬಣ್ಣ ಹೇಳುದಿಲ್ಲ. ಆದ್ರೆ ನಮಗೆ ಸಿಗುವ ಪೇಪರ್ ಇದೊಂದೇ, ಓದ್ಲೇಬೇಕು."

ಒಂದು ಸಲ ಗೋದಾವರಿಯ ಘಾಟಿನಿಂದ ಮನೆಗೆ ಬರುವಾಗ ನನ್ನ ಕೈ ನಡುಗತೊಡಗಿತು. ಕಣ್ಣ ಮುಂದಿನ ಜನ ಮಸುಕಾದರು. ಏನೋ ಹೇಳಲು ಹೋಗಿ ಏನೋ ಹೇಳಿದೆ. ಅವಳು ನನ್ನನ್ನು ಅಲ್ಲೇ ಹೂವಿನ ಅಂಗಡಿಯ ಮುಂದೆ ಕೂರಿಸಿ, ರವಿಕೆಯೊಳಗಿನ ಸಣ್ಣ ಪೊಟ್ಟಣ ತೆಗೆದು ಬಾಯಿಗೆ ಸಕ್ಕರೆ ಸುರಿದಳು. ಸ್ವಲ್ಪ ಹೊತ್ತಿಗೆ ಜಗತ್ತು ಮರಳಿ ಬಂತು. "ಸಕ್ಕರೆ ಏರಿದ್ರೆ ಆಮೇಲೆ ನೋಡುವ. ಇಳಿದ್ರೆ ಮಾತ್ರ ಕಾಯ್ಲಿಕ್ಕಿಲ್ಲ" ಎಂದು ನನ್ನ ಕೆನ್ನೆ ಒರೆಸಿದಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ ಅವಳಿಗೆ ಸಂಬಂಧ ಬಂತು. ಇಂದು ಛತ್ರಪತಿ ಸಂಭಾಜಿನಗರ ಎನ್ನುವ ಊರು, ನಮ್ಮ ನಾಲಗೆಗೆ ಆಗ ಔರಂಗಾಬಾದು. ಅಲ್ಲಿಯೂ ಹೋಟೆಲಿನವರೇ, ಉಡುಪಿಯ ಕಡೆಯವರೇ. ಕಾಯಿಲೆಯ ಸುದ್ದಿ ಎತ್ತಕೂಡದೆಂದು ಅವಳ ತಾಯಿ ಕಟ್ಟಪ್ಪಣೆ ಮಾಡಿದ್ದರು. ಅವಳು ಕೇಳಲಿಲ್ಲ. ಹುಡುಗ ನೋಡಲು ಬಂದ ದಿನ, ಹಿರಿಯರು ಕೆಳಗೆ ತಿಂಡಿ ತಿನ್ನುತ್ತಿರುವಾಗ, ಅವನಿಗೆ ಎಲ್ಲ ಹೇಳಿಬಿಟ್ಟಳು. ಸಂಜೆ ಓಡಿ ಬಂದು ನನ್ನ ಪಕ್ಕ ಕೂತಾಗ ಅವಳ ಮುಖದಲ್ಲಿ ನಾನು ಎಂದೂ ನೋಡಿರದ ಬೆಳಕಿತ್ತು.

"ಅವರು ಎಂತ ಹೇಳಿದ್ರು ಗೊತ್ತುಂಟಾ? ಪರವಾಗಿಲ್ಲ, ನಾನಿದ್ದೇನಲ್ಲ ಅಂದ್ರು. ಅಮ್ಮನಿಗೆ ಮಾತ್ರ ಈಗ್ಲೇ ಬೇಡ, ನಾನೇ ನಿಧಾನಕ್ಕೆ ಹೇಳ್ತೇನೆ ಅಂದ್ರು."

"ಮತ್ತ ಹೇಳದಿದ್ರ ಅಕ್ಕಾ?"

"ಹೇಳ್ತಾರೆ. ಒಳ್ಳೆಯವರು."

ಒಳ್ಳೆಯವನೇ. ಆ ಮಾತನ್ನು ನಾನು ಇಂದಿಗೂ ಅಲ್ಲಗಳೆಯಲಾರೆ. ಮದುವೆಯಾದ ಮೇಲೆ ಹೋಟೆಲಿನ ಫ್ರಿಜ್ಜಿನಲ್ಲಿ ಬೆಣ್ಣೆಯ ಹಿಂದೆ ಸ್ಟೀಲಿನ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು, ಬೆಳಿಗ್ಗೆ ತಾನೇ ಮೇಲಕ್ಕೆ ತಂದುಕೊಡುತ್ತಿದ್ದ. ಸ್ಪಿರಿಟ್ಟನ್ನು ತಾನೇ ತರುತ್ತಿದ್ದ. ಅವಳು ತಾರಸಿಯಲ್ಲಿ ಬಟ್ಟೆ ಒಣಗಿಸುವ ನೆಪ ಮಾಡಿ ನೀರಿನ ಟಾಕಿಯ ಮರೆಯಲ್ಲಿ ದೀಪ ಹಚ್ಚುವಳು. ತಾಯಿಗೆ ಹೇಳಬೇಕೆಂದು ಅವನು ಹೊರಟಾಗಲೆಲ್ಲ ಏನಾದರೂ ಅಡ್ಡ ಬರುತ್ತಿತ್ತು... ಹಬ್ಬ, ನೆಂಟರು, ತಾಯಿಯ ಮಂಡಿನೋವು.

ಅಪ್ಪನಿಗೆ ಬ್ಯಾಂಕಿನ ಕೆಲಸವಿದ್ದಾಗ ಒಮ್ಮೆ ನಾನೂ ಔರಂಗಾಬಾದಿಗೆ ಹೋದೆ. ಅವಳು ಬಸುರಿ. ಹೊಟ್ಟೆ ಸ್ವಲ್ಪ ಕಾಣುತ್ತಿತ್ತು. ಅತ್ತೆ ಅವಳನ್ನು ಅಂಗೈಯಲ್ಲಿ ಇಟ್ಟುಕೊಂಡಂತೆ ನೋಡಿಕೊಳ್ಳುತ್ತಿದ್ದರು. ಒಂದು ತಂಬಿಗೆ ನೀರು ಎತ್ತಲೂ ಬಿಡುತ್ತಿರಲಿಲ್ಲ. ಮಾತಿನ ನಡುವೆ ಅವಳು ಕಣ್ಣು ಹೊಡೆದು ನನ್ನನ್ನು ತಾರಸಿಗೆ ಕರೆದೊಯ್ದಳು. ನಳಿಗೆ ತೋರಿಸಿದಳು. ಕಿತ್ತಳೆಗೂ ಇಟ್ಟಿಗೆಗೂ ನಡುವಿನ ಬಣ್ಣ.

"ದಿನಾ ಹೀಗೇ ಬರ್ತದೆ. ಎಷ್ಟು ಕಮ್ಮಿ ತಿಂದ್ರೂ ಹೀಗೇ. ಇನ್ಸುಲಿನ್ ಏರಿಸ್ತಾ ಇದ್ದೇನೆ, ಆದ್ರೂ ಇಳಿಯುದಿಲ್ಲ. ಮಗುವಿಗೆ ಎಂತಾದ್ರೂ ಆದ್ರೆ?"

"ಡಾಕ್ಟರಿಗೆ ಹೇಳಬಾರದೇನ ಅಕ್ಕಾ?"

"ಅಲ್ಲಿ ಅತ್ತೆ ಪಕ್ಕದಲ್ಲೇ ಕೂತಿರ್ತಾರೆ. ಹೇಗೆ ಬಾಯಿ ಬಿಡುದು? ಸೀಮಂತಕ್ಕೆ ನಾಶಿಕಕ್ಕೆ ಬರ್ತೇನಲ್ಲ, ನಮ್ಮ ಡಾಕ್ಟರಿಗೇ ತೋರಿಸುವ."

ಇಳಿದು ಬರುವಾಗ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು ನನ್ನ ಭುಜ ಹಿಡಿದುಕೊಂಡಳು. ಸುಸ್ತು ಎಂದಳು. ಬಸುರಿಯರಿಗೆ ಸುಸ್ತಾಗುವುದು ಸಹಜವೆಂದು ಇಬ್ಬರೂ ಅಂದುಕೊಂಡೆವು...

ಸೀಮಂತದ ತನಕ ಅವಳು ಉಳಿಯಲಿಲ್ಲ.

ಅಂದು ಗಂಡ ದವಸ ತರಲು ಅದೇ ಜಿಲ್ಲೆಯ ವೈಜಾಪುರಕ್ಕೆ ಹೋಗಿದ್ದ. ಬೆಳಿಗ್ಗೆಯ ಬಣ್ಣ ನೋಡಿ ಹೆದರಿ ಅವಳು ಮತ್ತೆ ಔಷಧ ಹೆಚ್ಚಿಸಿದ್ದಿರಬೇಕು, ಊಟ ಕಡಿಮೆ ಮಾಡಿದ್ದಿರಬೇಕು. ಮಧ್ಯಾಹ್ನ ತಲೆ ಸುತ್ತುತ್ತದೆ ಎಂದು ಮಲಗಿದಳಂತೆ. ಮೈ ಬೆವರಿತ್ತಂತೆ. ಅತ್ತೆ ಸೆರಗಿನಿಂದ ಮುಖ ಒರೆಸಿ, ಫ್ಯಾನು ಜೋರು ಮಾಡಿ, ಪಾಪ ಬಳಲಿದ್ದಾಳೆ, ನಿದ್ದೆ ಮಾಡಲಿ ಎಂದು ಬಾಗಿಲು ಮೆತ್ತಗೆ ಮುಂದೆ ಮಾಡಿದರಂತೆ. ಪಾತ್ರೆ ತೊಳೆಯುವ ಹೆಂಗಸಿಗೆ, ಸದ್ದು ಮಾಡಬೇಡ ಎಂದು ಹೇಳಿದರಂತೆ. ಕೆಳಗೆ ಹೋಟೆಲಿನಲ್ಲಿ ಸಂಜೆಯ ಜಿಲೇಬಿಗೆ ಪಾಕ ಕುದಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಸೊಸೆಯನ್ನು ಎಬ್ಬಿಸಲು ಹೋದವರಿಗೆ ಅವಳು ಏಳಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅವಳ ಗಂಡ ನಾಶಿಕಕ್ಕೆ ಬಂದ. ಮಾವನ ಮನೆಗೆ ಹೋಗಿ, ಆಮೇಲೆ ನಮ್ಮ ಮನೆಗೂ ಬಂದ. ಗಡ್ಡ ಬೆಳೆದಿತ್ತು. ಅವ್ವ ಕೊಟ್ಟ ಚಹಾ ಮುಟ್ಟಲಿಲ್ಲ. ನನ್ನ ಕಡೆ ನೋಡಿ, "ನಿಮಗೆ ಗೊತ್ತಿರ್ತದೆ. ನಾನು ಅವತ್ತು ಮನೆಯಲ್ಲಿದ್ದು, ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿದ್ರೆ..." ಎಂದು ನಿಲ್ಲಿಸಿದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಇಲ್ಲಪಾ. ಅದು ಯಾರ ಕೈಯಾಗೂ ಇದ್ದಿಲ್ಲ. ಹಂಗೇನೂ ತಲ್ಯಾಗ ತಗೋಬ್ಯಾಡ."

ಅವನು ಅವ್ವನ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದ. ಅವ್ವ ಒಳಗೆ ಹೋಗಿ, ಎದುರಿನ ಕಿಟಕಿ ಕಾಣದಂತೆ ನಮ್ಮ ಕಿಟಕಿಗೆ ಹಳೆಯ ಸೀರೆ ಕಟ್ಟಿದಳು.

ಮುಂದೆ ನನಗೂ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಎಲ್ಲ ಗೊತ್ತಿದ್ದೇ ಒಪ್ಪಿದವರೊಡನೆ ಮದುವೆಯಾಯಿತು. ತೊಂಬತ್ತರ ದಶಕದ ಕೊನೆಗೆ ವರ್ಗವಾಗಿ ನಾನು ಔರಂಗಾಬಾದಿಗೇ ಬಂದೆ. ಬಸುರಿಯಾದಾಗ ಅಲ್ಲಿನ ಡಾಕ್ಟರು ನನ್ನ ನಳಿಗೆ, ದೀಪಗಳ ಕತೆ ಕೇಳಿ ಗಾಬರಿಯಾದರು. ಬೆರಳಿಗೆ ಚುಚ್ಚಿ ರಕ್ತದ ಹನಿಯಿಂದ ಸಕ್ಕರೆ ತಿಳಿಸುವ ಪುಟ್ಟ ಯಂತ್ರವನ್ನು ಕೊಳ್ಳಲು ಹೇಳಿದರು. ಬಸಿರಿನಲ್ಲಿ ರಕ್ತದ ಸಕ್ಕರೆ ಕಡಿಮೆಯಿದ್ದರೂ ಮೂತ್ರಕ್ಕೆ ಸೋರಿಬಿಡುತ್ತದೆ, ಆಗ ಬಣ್ಣವನ್ನು ನಂಬಿ ಔಷಧ ಹೆಚ್ಚಿಸಿದರೆ ಜೀವಕ್ಕೇ ಅಪಾಯ ಎಂದರು. ನಾನು ಅವರ ಮೇಜಿನ ಅಂಚು ಹಿಡಿದು ಕೂತುಬಿಟ್ಟೆ. ಅವಳು ಒಂದು ದಿನವೂ ತಪ್ಪದೆ ಓದಿದ ಬಣ್ಣ, ಕೊನೆಯ ತಿಂಗಳುಗಳಲ್ಲಿ ಅವಳಿಗೆ ಸುಳ್ಳು ಹೇಳಿತ್ತು.

ಅದೇ ವಾರ ಹೋಟೆಲಕ್ಕನ ಗಂಡನ ಮನೆಯ ಹೋಟೆಲಿಗೆ ಹೋದೆ. ಅವಳ ಗಂಡ ಊರಲ್ಲಿರಲಿಲ್ಲ; ಮಾಲೇಗಾಂವಿನಲ್ಲಿ ಬೇರೆ ಹೋಟೆಲು ಮಾಡಿದ್ದ, ಮತ್ತೆ ಮದುವೆಯಾಗಿರಲಿಲ್ಲ. ಅವಳ ಅತ್ತೆ ತೀರ ಇಳಿದುಹೋಗಿದ್ದರು. ನನ್ನನ್ನು ಗುರುತಿಸಿದರು. ನನ್ನ ಹೊಟ್ಟೆ ನೋಡಿದರು.

"ಮಗ ಆಮೇಲೆ ಎಲ್ಲ ಹೇಳಿದ. ನಿನಗೂ ಅದೇ ಕಾಯಿಲೆಯಂತಲ್ಲ? ಮನೆಯವರಿಗೆಲ್ಲ ಗೊತ್ತುಂಟಾ?"

"ಗೊತ್ತದರಿ."

ಅವರು ಗೋಡೆಗೆ ಒರಗಿ ಕೂತರು. ಆಮೇಲೆ, "ನನಗೆ ಮೊದಲೇ ಹೇಳಿದ್ರೆ ನಾನು ಈ ಸಂಬಂಧ ಬೇಡ ಅಂತಲೇ ಹೇಳ್ತಿದ್ದೆ ಮಗಾ. ಸುಳ್ಳು ಯಾಕೆ ಹೇಳ್ಲಿ? ಬೇಡ ಅಂತಿದ್ದೆ. ಆದ್ರೆ ಅವಳು ಎಲ್ಲಾದ್ರೂ ಬದುಕಿ ಇರ್ತಿದ್ದಳಲ್ಲ..." ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕೂತೆ.

ಈಗ ನನ್ನ ತೋಳಿಗೆ ಬಿಲ್ಲೆಯಂಥದ್ದೊಂದು ಅಂಟಿಕೊಂಡಿರುತ್ತದೆ. ಹಗಲಿರುಳೂ ಸಕ್ಕರೆ ನೋಡುತ್ತದೆ. ಇಳಿದರೆ ನನ್ನ ಫೋನು ಕೂಗುತ್ತದೆ, ಗಂಡನ ಫೋನು ಕೂಗುತ್ತದೆ, ಪುಣೆಯಲ್ಲಿರುವ ಮಗಳ ಫೋನೂ ಕೂಗುತ್ತದೆ. ನಿನ್ನೆ ಮಧ್ಯಾಹ್ನ ಮಲಗಿದ್ದಾಗ ಹಾಗೇ ಆಯಿತು. ನಾನು ಕಣ್ಣು ಬಿಡುವಷ್ಟರಲ್ಲಿ ಮಗಳ ಕರೆ. "ಅಮ್ಮಾ, ಏಳು! ಲವ್ಕರ್, ಲಗೂನ ಏನಾರ ತಿನ್ನು. ತಿಂದ್ಯಾ? ನಾ ಫೋನ್ ಇಡೂದಿಲ್ಲ, ತಿನ್ನು ಮೊದ್ಲ."

ತಿಂದೆ. ಸಕ್ಕರೆ ಏರಿತು, ಅವಳು ಫೋನಿಟ್ಟಳು. ಮನೆ ಮತ್ತೆ ಸದ್ದಿಲ್ಲದಾಯಿತು. ಹಾಸಿಗೆಯ ಅಂಚಿನಲ್ಲಿ ಕೂತು, ನನಗಿಂತ ಈಗ ಎಷ್ಟೋ ಚಿಕ್ಕವಳಾಗಿ ಉಳಿದುಬಿಟ್ಟ ನನ್ನ ಅಕ್ಕನಿಗಾಗಿ ಬಹಳ ಹೊತ್ತು ಅಳುತ್ತಿದ್ದೆ.