ಹೊಳ್ಳಿ ಬಂದ ಹರಿಗೋಲು

ಗಾಳಿ, ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡಿಗೆ ಮನೆಗೆ ಹೋಗುವವಳು. ಹುಡುಗಿಯಾಗಿದ್ದಾಗಿನಿಂದಲೂ ಅಷ್ಟೇ. ಸುಳ್ಳು ಹೇಳುವವರಿಗೆ ಹೊಟ್ಟೆ ತುಂಬಿರುತ್ತದೆ, ಕೇಳುವವರಿಗೆ ಕೆಲಸ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಇವತ್ತಿಗೂ ಮುಕ್ಕಾಲು ಪಾಲು ಅದೇ ಅಭಿಪ್ರಾಯ. ಉಳಿದ ಕಾಲು ಪಾಲು ಬುಕ್ಕಸಾಗರದ ಹೊಳೆದಂಡೆಯಲ್ಲಿ ಹೋಯಿತು. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗಿನ್ನೂ ಡ್ಯಾಂ ಕಟ್ಟುವ ಮಾತೇ ಇರಲಿಲ್ಲ. ಹೊಳೆಯ ಈಚೆ ಮದ್ರಾಸ್ ಸರಕಾರ, ಆಚೆ ನಿಜಾಮರ ಸೀಮೆ. ಇಲ್ಲಿ ತಪ್ಪು ಮಾಡಿದವನು ಹರಿಗೋಲು ಹತ್ತಿ ಆಚೆ ದಂಡೆಗೆ ಇಳಿದನೆಂದರೆ ನಮ್ಮ ಪೋಲೀಸರು ಇಲ್ಲಿಯೇ ನಿಂತು ಮೀಸೆ ತಿರುವಬೇಕಿತ್ತು, ಅಷ್ಟೇ. ನಾನು ಹೊಸಪೇಟೆಯಿಂದ ಬುಕ್ಕಸಾಗರಕ್ಕೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಆಚೆ ದಂಡೆಯ ಊರಿನಲ್ಲಿ ನಮ್ಮ ನಾದಿನಿ ಹಡೆದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ನಾನೂ ನಮ್ಮ ಅತ್ತೆಯೂ ಕುಬಸ, ಕುಲಾವಿ, ಉಂಡಿಯ ಗಂಟು ಹೊತ್ತು ಹೊರಟಿದ್ದೆವು. ಬೇಸಿಗೆಯ ಮಧ್ಯಾಹ್ನ. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹರಿಗೋಲಿನ ಹುಲುಗಪ್ಪ ಮಾತ್ರ ಇದ್ದ. ಅವನ ಜೊತೆಗೆ ಒಬ್ಬ ಗಂಡಸು, ಒಂದು ಹುಡುಗಿ. ಗಂಡಸಿನ ತಲೆಯಿಂದ ಎಣ್ಣೆಯ ಘಮಲು ಅಷ್ಟು ದೂರಕ್ಕೆ ಹೊಡೆಯುತ್ತಿತ್ತು. ಬಾಯಿ ತುಂಬ ಎಲೆಯಡಿಕೆ. ಹುಡುಗಿ ಏಳೆಂಟು ವರ್ಷದ್ದು. ಉಟ್ಟದ್ದು ಹೊಸ ಪರಕಾರ, ಕೈ ತುಂಬ ಹೊಸ ಬಳೆ, ಆದರೆ ಕಾಲ ಹಿಮ್ಮಡಿ ಒಡೆದು ಅದರ ಬಿರುಕಿನಲ್ಲಿ ಸೊಂಡೂರಿನ ಗಣಿಯ ಕರಿಮಣ್ಣು ಕೂತಿತ್ತು. ಆ ಮನುಷ್ಯ ಅವಳ ರಟ್ಟೆ ಹಿಡಿದು, ಸಂತೆಯಲ್ಲಿ ಕರು ತೋರಿಸುವ ಹಾಗೆ ಹುಲುಗಪ್ಪನಿಗೆ ತೋರಿಸಿ, "ನೋಡಾಕ ಸಣ್ಣದು, ಕೆಲಸಕ್ಕ ಭಾಳ ಗಟ್ಟಿ ಐತಿ" ಎಂದು ನಕ್ಕ. ನನಗೆ ಆಗಲೇ ಹೇಸಿಗೆಯಾಯಿತು. ಥೂ, ಒಂದು ಕೂಸನ್ನು ಕುರಿತು ಆಡುವ ಮಾತೇ ಅದು?

ನಮ್ಮ ಹೊಳೆಯಲ್ಲಿ ಒಂದು ಪದ್ಧತಿ ಇತ್ತು. ಹರಿಗೋಲು ಬಿಡುವ ಮುಂಚೆ ಪ್ರತಿಯೊಬ್ಬರೂ ನೀರು ಮುಟ್ಟಿ ತಾವು ಯಾರ ಪೈಕಿ ಎಂದು ಹೇಳಬೇಕು. ಮುಳುಗಿದರೆ ಯಾರ ಮನೆಗೆ ಸುದ್ದಿ ಮುಟ್ಟಿಸಬೇಕೆಂದು ತಿಳಿಯಲಿ ಅಂತ ಶುರುವಾದದ್ದು, ಬರಬರುತ್ತ ಹೊಳೆಗೇ ಹೇಳುವ ಮಾತಾಗಿತ್ತು. ನಾವು ಹೇಳಿದೆವು. ಹುಡುಗಿಯ ಸರದಿ ಬಂದಾಗ ಆ ಮನುಷ್ಯನೇ, "ನನ್ನ ತಂಗಿ ಮಗಳು" ಎಂದ.

ಹರಿಗೋಲು ಹೊರಟಿತು. ನೀರು ಇಳಿದಿತ್ತು, ಸೆಳವು ಇರಲಿಲ್ಲ, ಒಂದು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ನಡುಹೊಳೆಗೆ ಹೋದದ್ದೇ ತಡ, ಹರಿಗೋಲು ಮೆಲ್ಲಗೆ ಒಂದು ಸುತ್ತು ತಿರುಗಿ ನಾವು ಬಿಟ್ಟ ದಂಡೆಯ ಕಡೆಗೇ ಹೊರಟಿತು. ಹುಲುಗಪ್ಪ ಹುಟ್ಟು ಹಾಕಿದ, ಗಳ ಊರಿದ, ಹಲ್ಲು ಕಚ್ಚಿದ. ಏನೂ ಆಗಲಿಲ್ಲ. ಹತ್ತಿದ ಕಲ್ಲಿಗೇ ಬಂದು ತಾಗಿತು. ಹುಟ್ಟಿದಾಗಿನಿಂದ ಹೊಳೆಯ ಮೇಲೆ ಬದುಕಿದವನು ಅವನು. ಅವನ ಮುಖ ಬೂದಿ ಬಳಿದಂತೆ ಆಗಿತ್ತು.

"ಯಾರೋ ಹೊಳಿಗೆ ಸುಳ್ಳು ಹೇಳೀರಿ" ಎಂದ. "ಇಳೀರಿ. ಮತ್ತ ಹೇಳ್ರಿ."

ಎಲ್ಲರೂ ಇಳಿದೆವು. ಆ ಮನುಷ್ಯ ಉಗುಳಿ, "ಎಷ್ಟ್ ಸಲ ಹೇಳೂದಲೇ, ನನ್ನ ತಂಗಿ ಮಗಳು ಅಂದ್ನಲ್ಲ" ಎಂದು ಗದರಿದ. ಆಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ಅವನ ಪಂಚೆಯ ಅಂಚು ಹಿಡಿದು, "ಚಿಗಪ್ಪಾ, ಅವ್ವನ ಹಂತ್ಯಾಕ ಹೋಗೂಣು ಬಾ" ಎಂದಳು.

ನಮ್ಮ ಅತ್ತೆ ಗಂಟು ಕೆಳಗಿಟ್ಟರು. "ಏ ತಮ್ಮಾ, ತಂಗಿ ಮಗಳಿಗೆ ನೀನು ಸ್ವಾದರಮಾವ ಆಗಬೇಕು. ಚಿಗಪ್ಪ ಅಂದ್ರ ಅಪ್ಪನ ತಮ್ಮ. ಮಾವ ಯಾವಾಗಲೇ ಚಿಗಪ್ಪ ಆದ? ಇದಕ್ಕ ಒಂದು ಸುಳ್ಳು ಕಲಿಸಿ, ನೀನು ಇನ್ನೊಂದು ಹೇಳ್ತೀ ಏನಲೇ?"

ಅವನಿಗೆ ನಾಚಿಕೆಯಾಗಬೇಕಲ್ಲ? ಆಗಲಿಲ್ಲ. "ಅವರಪ್ಪನೇ ಕೊಟ್ಟಾನ್ರಿ. ರಾಯಚೂರಾಗ ರೈಲು ಹತ್ತಿಸಿದ್ರ ನನ್ನ ಕೆಲಸ ಮುಗೀತು. ನಿಮಗೇನ್ ತ್ರಾಸು?" ಎಂದ. ಮುಂದೆ ಯಾವ ಊರು, ಯಾರ ಮನೆ, ಎಂಥ ಕೆಲಸ ಎಂದು ಅತ್ತೆ ಕೇಳಿದರೆ, "ಅದು ನನಗ್ಯಾಕ ಬೇಕು" ಎಂದ. ಸಗಣಿಯ ಬುಟ್ಟಿ ಸಾಗಿಸುವವನೂ ಯಾವ ಹೊಲಕ್ಕೆ ಎಂದು ಕೇಳಿಕೊಂಡು ಹೋಗುತ್ತಾನೆ!

ಅತ್ತೆ ಹುಡುಗಿಯ ಕಡೆಗೆ ಕೈ ಚಾಚುವುದರೊಳಗೆ ಅವನು ಅವಳನ್ನು ಎತ್ತಿ ಹರಿಗೋಲಿಗೆ ಹಾಕಿ, ಹುಲುಗಪ್ಪನ ಕೈಯಿಂದ ಹುಟ್ಟು ಕಿತ್ತುಕೊಂಡು, ದಂಡೆಗೆ ಒದ್ದು ಹರಿಗೋಲು ಬಿಟ್ಟೇಬಿಟ್ಟ. ನಾನು ಮಂಡಿಯವರೆಗೆ ನೀರಿಗೆ ಇಳಿದು ಕೂಗಿಕೊಂಡೆ. ಯಾರು ಬರುತ್ತಾರೆ? ಹುಡುಗಿ ಅಳಲಿಲ್ಲ. ನಮ್ಮನ್ನೇ ನೋಡುತ್ತ ಕೂತಿದ್ದಳು. ಆಚೆ ದಂಡೆ ಮುಟ್ಟಿದರೆ ಆ ಕೂಸು ಮುಗಿದ ಹಾಗೆ. ಅದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಡುಹೊಳೆಯಲ್ಲಿ ಹರಿಗೋಲು ನಿಂತಿತು. ಮೆಲ್ಲಗೆ ತಿರುಗಿತು. ಅವನು ಎದ್ದು ನಿಂತು ಹುಚ್ಚನ ಹಾಗೆ ಹುಟ್ಟು ಹಾಕುತ್ತಿದ್ದಾನೆ, ಬಾಯಿಗೆ ಬಂದದ್ದು ಬೈಯುತ್ತಿದ್ದಾನೆ, ಹರಿಗೋಲು ಮಾತ್ರ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ನಮ್ಮ ಕಡೆಗೆ ಬರುತ್ತಿದೆ. ಬಂದು ಅತ್ತೆಯ ಕಾಲ ಬುಡದ ಕಲ್ಲಿಗೆ ತಾಗಿತು. ಅತ್ತೆ ಹುಡುಗಿಯನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡರು. ಹುಲುಗಪ್ಪ ಗಳ ಎತ್ತಿ ಹಿಡಿದು ನಡುವೆ ನಿಂತ. ಆ ಮನುಷ್ಯ ಇಳಿಯಲಿಲ್ಲ. ನಮ್ಮನ್ನು ಒಮ್ಮೆ ನೋಡಿ, ಮತ್ತೆ ದಂಡೆಗೆ ಒದ್ದ.

ನನ್ನ ಮೈ ಜುಮ್ಮೆಂದದ್ದು ಆಮೇಲೆ. ಹುಟ್ಟು ಹಿಡಿಯಲೂ ಬಾರದ ಆ ಮನುಷ್ಯ ಒಬ್ಬನೇ ಕೂತ ಹರಿಗೋಲು ಗೆರೆ ಎಳೆದ ಹಾಗೆ ನೆಟ್ಟಗೆ ಆಚೆ ದಂಡೆಗೆ ಹೋಯಿತು. ಅಲ್ಲಿ ಇಳಿದು ಅವನು ಕೂಗಿದ, "ಇಟ್ಕೊಳ್ರಿ ಅದನ್ನ! ಇಂಥವು ಇನ್ನೂ ಬೇಕಾದಷ್ಟು ಸಿಗ್ತಾವ."

ಹುಡುಗಿಯ ಹೆಸರು ತಿಪ್ಪಮ್ಮ. ಸೊಂಡೂರಿಗೆ ಹೇಳಿ ಕಳಿಸಿದೆವು. ಅಪ್ಪ ಬಂದ. ಅಂಗಳದಲ್ಲಿ ನಿಂತು ಅವನು ಕೇಳಿದ ಮೊದಲ ಮಾತು, "ಆ ಮನಿಶ್ಯಾ ಸಿಟ್ಟಾಗಿ ಹೋದನೇನ್ರಿ?" ಎಂದು. ನನ್ನ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಅವನಿಗೆ ಕೊಡದೆ ತುಳಸಿಗೆ ಸುರಿದು ಒಳಗೆ ಹೋದೆ. ಹಿಂದೆ ಬಂದ ತಾಯಿಗೆ ಏನೂ ಗೊತ್ತಿರಲಿಲ್ಲ. ಮಗಳನ್ನು ತಬ್ಬಿಕೊಂಡು ಆಕೆ ಅತ್ತದ್ದನ್ನು ನಾನು ಬರೆಯಲಾರೆ. "ಇಲ್ಲೇ ಇರ್ಲಿ ಬಿಡ್ರೀ ಅವ್ವಾ, ಮನಿಗೆ ಬಂದ್ರ ಮತ್ತ ಕಳಸ್ತಾನ" ಎಂದಳು. ತಿಪ್ಪಮ್ಮ ನಮ್ಮಲ್ಲೇ ಬೆಳೆದಳು. ದೊಡ್ಡವಳಾದ ಮೇಲೆ ಮೆಟ್ರಿ ಎಂಬ ಊರಿಗೆ ಲಗ್ನ ಮಾಡಿ ಕೊಟ್ಟೆವು.

ನನ್ನ ಮಗ ಓದಿದವನು. "ಅದು ಸುಳಿ ಅಮ್ಮಾ, ತಳದ ಬಂಡೆಗೆ ನೀರು ಬಡಿದು ಹಿಂದಕ್ಕೆ ತಿರುಗುತ್ತದೆ" ಎನ್ನುತ್ತಾನೆ. ಇರಬಹುದಪ್ಪ. ಆದರೆ ಯಾರು ಕೂತಿದ್ದಾರೆಂದು ಆ ಸುಳಿಗೆ ಹೇಗೆ ತಿಳಿಯಿತು ಎಂದರೆ ಪೇಪರು ಓದಲು ಕೂರುತ್ತಾನೆ.

ಹುಲುಗಪ್ಪ ಮುದುಕನಾಗಿ ಹಾಸಿಗೆ ಹಿಡಿದಾಗ ನಾನು ಹೋಗಿ ಕೇಳಿದೆ, ಅವತ್ತು ಹರಿಗೋಲು ಯಾಕೆ ಹೊಳ್ಳಿ ಬಂತು, ನಿನಗೇನಾದರೂ ತಿಳಿಯಿತೇ ಎಂದು.

"ಎಲ್ಲಾರೂ ಅದನ್ನೇ ಕೇಳ್ತಾರ್ರೀ ಅಮ್ಮಾ" ಎಂದ. "ಆ ಮನಿಶ್ಯಾನ ಜೋಡಿ ಅದಕ್ಕ ಮುಂಚೆ ನಾನು ಎಷ್ಟೋ ಕೂಸುಗಳನ್ನ ದಾಟಿಸೀನಿ. ಇದೇ ಹರಿಗೋಲು, ಇದೇ ಹೊಳಿ. ಒಂದು ಸಲನೂ ಹೊಳ್ಳಿ ಬರಲಿಲ್ಲ. ಅವಾಗ ಯಾಕ ಹೋತು ಅಂತ ಯಾರೂ ಕೇಳಲ್ಲ."

ಒಂದು ಮಗುವನ್ನು ತಿರುಗಿಸಿ ಕೊಟ್ಟ ಹೊಳೆ ಉಳಿದವನ್ನೆಲ್ಲ ಸುಮ್ಮನೆ ದಾಟಿಸಿತಲ್ಲ, ಅವು ಏನು ಪಾಪ ಮಾಡಿದ್ದವು? ದೇವರ ಮನೆಯಲ್ಲಿ ಕೂತೂ ಕೇಳಿದ್ದೇನೆ, ಹೊಳೆದಂಡೆಯಲ್ಲಿ ನಿಂತೂ ಕೇಳಿದ್ದೇನೆ. ನನಗೆ ಇನ್ನೂ ತಿಳಿದಿಲ್ಲ.