ನುಂಗಿದ ಮಾತ್ರೆ ಎಲ್ಲಿ ಹೋಯಿತು

ಪ್ರಾಣಿಗಳ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಮಾಸ್ಕಮ್ಮ ಎಂದೇ ಕರೆಯುತ್ತಿದ್ದರು. ಆಪರೇಷನ್ನಿಗೆ ಬಂದ ನಾಯಿ, ಬೆಕ್ಕುಗಳ ಮೂತಿಗೆ ಮತ್ತು ಬರಿಸುವ ಗ್ಯಾಸಿನ ರಬ್ಬರ್ ಮಾಸ್ಕ್ ಒತ್ತಿ ಹಿಡಿಯುವುದು ಅವಳ ಕೆಲಸ. ಮೂತಿ ಒಂದೊಂದೂ ಒಂದೊಂದು ಅಳತೆ, ಮಾಸ್ಕ್ ಮಾತ್ರ ಒಂದೇ. ಅಂಚಿನಲ್ಲಿ ಸೋರಿದ ಗ್ಯಾಸು ಇನ್ನೆಲ್ಲಿಗೆ ಹೋಗಬೇಕು ಹೇಳಿ? “ಆಯ್ತು ಮರಿ, ಆಯ್ತು, ಮಲ್ಕೋ” ಎಂದು ಬಗ್ಗಿ ಮುದ್ದು ಮಾಡುತ್ತಿದ್ದವಳ ಮೂಗಿಗೇ. ಅದು ಹಳೇ ಕಾಲದ ಗ್ಯಾಸು, ಕಿಟಕಿ ಮುಚ್ಚಿದ ಕೋಣೆ. ಮನೆಗೆ ಬಂದ ಮೇಲೂ ಅವಳ ಕೂದಲಲ್ಲಿ ಆ ಸಿಹಿ ವಾಸನೆ ಇರುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಚಿಕ್ಕಂದಿನಿಂದ ಅವಳಿಗೆ ಮೂರ್ಛೆರೋಗ. ಮಾತ್ರೆಯಿಂದಾಗಿ ಅದು ಎಷ್ಟೋ ವರ್ಷ ತೆಪ್ಪಗಿತ್ತು. ಈ ಕೆಲಸಕ್ಕೆ ಸೇರಿ ಸ್ವಲ್ಪ ಕಾಲಕ್ಕೆ ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳ ಕಣ್ಣೆದುರೇ ಬಿದ್ದು ಒದ್ದಾಡಿದಳು. ಮಗಳ ಕಂಕುಳಲ್ಲಿ ಹಸುಗೂಸು.

“ಅಮ್ಮಾ, ಬೇಜಾರು ಮಾಡ್ಕೋಬೇಡ. ಇನ್ಮೇಲೆ ಮಗೂನ ಎತ್ಕೋಬೇಡ,” ಎಂದಳು ಮಗಳು.

ಮೊಮ್ಮಗಳೆಂದರೆ ಜೀವ ಬಿಡುವವಳಿಗೆ ಇದಕ್ಕಿಂತ ಶಿಕ್ಷೆ ಬೇಕೆ? ಡಾಕ್ಟರ ಬಳಿ ಓಡಿದಳು. ರಕ್ತ ನೋಡಿದರೆ ಔಷಧಿ ಇದ್ದೂ ಇಲ್ಲದಂತೆ!

“ಮಾತ್ರೆ ತಗೊಳ್ತಿಲ್ಲ ನೀವು,” ಎಂದರು ಡಾಕ್ಟರು.

“ದೇವರಾಣೆ ತಗೊಳ್ತೀನಿ!”

ಆಣೆಯನ್ನು ಕೇಳುವವರು ಯಾರು? ಅಂದಿನಿಂದ ಗಂಡ ಎದುರಿಗೆ ನಿಂತು ನುಂಗಿಸತೊಡಗಿದ. “ಬಾಯಿ ತೆಗಿ. ನಾಲಿಗೆ ಎತ್ತು,” ಎನ್ನುತ್ತಿದ್ದ. ಆಸ್ಪತ್ರೆಯ ನಾಯಿಗಳಿಗೂ ಅವಳು ಅಷ್ಟು ಒರಟಾಗಿ ಮಾತ್ರೆ ಹಾಕಿದವಳಲ್ಲ. ಆದರೂ ರಕ್ತದಲ್ಲಿ ಔಷಧಿ ಏರಲಿಲ್ಲ. ಬಚ್ಚಲಿಗೆ ಹೋಗಿ ಕಕ್ಕುತ್ತಾಳೆಂದು ಅವನ ಅನುಮಾನ. ಅವಳು ಬಚ್ಚಲಿನಲ್ಲಿ ಮಾಡುತ್ತಿದ್ದದ್ದು ಒಂದೇ, ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವುದು.

ಡಾಕ್ಟರು ಪ್ರಮಾಣ ಹೆಚ್ಚಿಸಿದರು. ಇನ್ನೂ ಹೆಚ್ಚಿಸಿದರು. ಕೊನೆಗೆ ಮೂರ್ಛೆ ನಿಂತಿತು, ಮಗಳು ಮಗುವನ್ನು ಕೈಗಿಟ್ಟಳು. ಅಬ್ಬಾ, ಆ ದಿನ ಅವಳನ್ನು ನೋಡಬೇಕಿತ್ತು! ಅನ್ನ ನೀರು ಎಲ್ಲ ಮರೆತೇಹೋಗಿತ್ತು.

ಅಷ್ಟರಲ್ಲಿ ಆಪರೇಷನ್ ಕೋಣೆಯ ಚಾವಣಿ ರಿಪೇರಿಗೆ ಬಂದು, ಅವಳಿಗೆ ರಜೆ ಸಿಕ್ಕಿತು. ವಾರಗಳು ಕಳೆದಂತೆ ಅವಳ ಕಾಲಡಿಯ ನೆಲವೇ ವಾಲಿದಂತೆ ಆಗತೊಡಗಿತು. ನಾಲಿಗೆ ತೊದಲಿತು. ಗಂಡ ಬಾಯಿ ಮೂಸಿ, “ಈ ವಯಸ್ಸಲ್ಲಿ ಕುಡಿಯೋಕೆ ಬೇರೆ ಕಲ್ತ್ಯಾ?” ಎಂದ. ತಲೆ ತಿರುಗುತ್ತದೆ ಎಂದರೆ ಮಗುವನ್ನು ಮತ್ತೆ ಕೈಯಿಂದ ಕಿತ್ತುಕೊಳ್ಳುತ್ತಾರಲ್ಲ! ಗೋಡೆ ಹಿಡಿದು ನಡೆದಳು, ಹೇಗೋ ದಿನ ದೂಡಿದಳು.

ಒಂದು ಮಧ್ಯಾಹ್ನ ಮಗುವನ್ನೆತ್ತಿಕೊಂಡು ಹೊರಟವಳಿಗೆ ಬಾಗಿಲು ಎರಡಾಗಿ ಕಂಡಿತು. ಇಲ್ಲದ ಬಾಗಿಲಿಗೆ ನುಗ್ಗಿ ಹಣೆ ಚಚ್ಚಿಕೊಂಡಳು. ಮಗುವಿಗೆ ಏನೂ ಆಗಲಿಲ್ಲ. ಅವಳು ಅಲ್ಲೇ ಕುಸಿದು ಕೂತು ಕೂಗಿದಳು:

“ಬಾರೇ, ನಿನ್ನ ಮಗೂನ ತಗೊಂಡ್ಹೋಗೇ! ನನ್ನ ಕೈಲಿ ಆಗಲ್ಲ ಕಣೇ!”

ಈ ಸಲ ರಕ್ತದಲ್ಲಿ ಔಷಧಿ ವಿಪರೀತ ಏರಿತ್ತು. “ಈಗ ಮುಕ್ಕಿ ಮುಕ್ಕಿ ನುಂಗ್ತಿದ್ದೀರಾ?” ಎಂದು ಗದರಿದ ಡಾಕ್ಟರು, ಏನೋ ಹೊಳೆದವರಂತೆ ಕೇಳಿದರು, “ಮನೇಲಿ ಏನಾದ್ರೂ ಬದಲಾಗಿದೆಯಾ?”

“ಏನಿಲ್ಲ ಸಾರ್. ಕೆಲಸಕ್ಕೆ ಹೋಗ್ತಿಲ್ಲ, ಅಷ್ಟೆ.”

“ಏನು ಕೆಲಸ?”

ಇಷ್ಟು ದಿನ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ, ನೋಡಿ! ಕೇಳಿ ಮುಗಿಸಿ ಡಾಕ್ಟರು ಹಣೆ ಒತ್ತಿಕೊಂಡರು. ಔಷಧಿಯನ್ನು ಅರಗಿಸಿ ಹೊರಹಾಕುವುದು ಲಿವರಿನೊಳಗಿನ ಕಿಣ್ವಗಳ ಕೆಲಸ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆ ಗ್ಯಾಸನ್ನು ದಿನವೂ ಉಸಿರಾಡಿದರೆ ಕೆಲವರಲ್ಲಿ ಕಿಣ್ವ ಹೆಚ್ಚಿ, ಮಾತ್ರೆ ಬೇಗ ಬೇಗ ಖಾಲಿಯಾಗುತ್ತದೆ. ಗ್ಯಾಸು ತಪ್ಪಿದಾಗ ಕಿಣ್ವ ತಗ್ಗುತ್ತದೆ, ಹೆಚ್ಚಿಸಿದ ಮಾತ್ರೆ ಮೈಯಲ್ಲೇ ಉಳಿದು ವಿಷವಾಗುತ್ತದೆ. ಮಾತ್ರೆ ಇಳಿಸೋಣ, ಆ ಕೋಣೆಗೆ ಮಾತ್ರ ಮತ್ತೆ ಕಾಲಿಡಬೇಡಿ ಎಂದರು.

“ಹಾಗಾದ್ರೆ ನಾನು ಸುಳ್ಳು ಹೇಳ್ಲಿಲ್ಲ ಅಲ್ವಾ ಸಾರ್?”

“ಇಲ್ಲಮ್ಮ. ನಾವೇ ನಂಬಲಿಲ್ಲ.”

“ಇದನ್ನ ನನ್ನ ಮಗಳ ಮುಂದೆ ಹೇಳ್ತೀರಾ?”

ಡಾಕ್ಟರು ಹೊರಗೆ ಬಂದು, ಮಗುವನ್ನೆತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ ಮಗಳಿಗೆ ಎಲ್ಲ ಬಿಡಿಸಿ ಹೇಳಿದರು. ಮಗಳು ಗಳಗಳ ಅತ್ತಳು. “ತಪ್ಪಾಯ್ತಮ್ಮಾ, ನಿನ್ನ ಏನೇನೋ ಅಂದ್ಬಿಟ್ವಿ,” ಎಂದು ಅವಳ ಕೈ ಹಿಡಿದುಕೊಂಡಳು.

ಅವಳು ಆ ಕೈ ಬಿಡಿಸಿಕೊಂಡು, ಮಗುವಿನತ್ತ ಎರಡೂ ಕೈ ಚಾಚಿದಳು.

ಮಗಳು ಅಳುತ್ತಲೇ ಮಗುವನ್ನು ಅಮ್ಮನ ಕೈಗೆ ಸಿಗದಂತೆ ಆಚೆ ಹೆಗಲಿಗೆ ಹಾಕಿಕೊಂಡಳು.